ನಾಳೆ ಈ ಹೊತ್ತಿಗೆ ಎಲ್ಲಿರುತ್ತೀರಿ?

ನಮ್ಮೂರಿನಲ್ಲಿ ಬಂದೂಕು ಹಾರಿಸಬೇಕಾದರೆ ಮೊದಲು ಒಂದು ಫಾರಂ ತುಂಬಬೇಕು. ಹೆಸರು, ವಿಳಾಸ, ಲೈಸೆನ್ಸ್ ನಂಬರು, ಎಷ್ಟು ತೋಟಾ ಎಂಬುದೆಲ್ಲ ಆದ ಮೇಲೆ ಕೊನೆಯಲ್ಲಿ ಒಂದು ಪ್ರಶ್ನೆ ಇದೆ: ನಾಳೆ ಈ ಹೊತ್ತಿಗೆ ಎಲ್ಲಿರುತ್ತೀರಿ? ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ ಎರಡು ವರ್ಷ ಮನೆಯ ಜಗಲಿಯ ಮೇಲೆ ಸುಮ್ಮನೆ ಕೂತಿದ್ದ ನನಗೆ, ಈ ಪ್ರಶ್ನೆಯನ್ನು ಓದಿದ ಕೂಡಲೇ ನನ್ನನ್ನು ಯಾರೋ ಹೆಸರು ಹಿಡಿದು ಕರೆದಂತಾಗಿತ್ತು. ಆದರೆ ರೈಫಲ್ ಕ್ಲಬ್ಬಿನವರು ಅದಕ್ಕೆ ಹೆಚ್ಚು ಯೋಚಿಸುತ್ತಿರಲಿಲ್ಲ. ಎಲ್ಲರೂ ಒಂದೇ ಪದ ಬರೆಯುತ್ತಿದ್ದರು: ಕ್ವಾರಿ.

ನಮ್ಮಲ್ಲಿ ಗುಂಡಿನ ಸದ್ದು ಮಾರನೆಯ ದಿನ ಬರುತ್ತದೆ. ಭಾನುವಾರ ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಹಾರಿಸಿದರೆ ಸೋಮವಾರ ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ, ಹಾರಿಸಿದವರು ಎಲ್ಲಿರುತ್ತಾರೋ ಅಲ್ಲಿ, ಅವರ ಎದೆಯ ಮುಂದೆಯೇ ಢಂ ಎನ್ನುತ್ತದೆ. ಹಾಗಾಗಿ ಭಾನುವಾರದ ಮೈದಾನದಷ್ಟು ನಿಶ್ಶಬ್ದವಾದ ಜಾಗ ಊರಿನಲ್ಲಿ ಬೇರೊಂದಿಲ್ಲ. ಹನ್ನೊಂದು ಜನ ಹುಲ್ಲಿನ ಮೇಲೆ ಬೋರಲು ಮಲಗಿ, ಉಸಿರು ಕಟ್ಟಿ, ಬೆರಳು ಎಳೆಯುತ್ತಾರೆ. ಐವತ್ತು ಮೀಟರ್ ಆಚೆ ಕಾಗದದಲ್ಲಿ ತೂತು ಬೀಳುತ್ತದೆ. ಅಷ್ಟೆ. ಅವರ ಸದ್ದಿನ ಹಾಜರಿ ಬರೆಯಲು ಒಬ್ಬ ಬೇಕಾಗಿದ್ದಾನೆ ಎಂದು ತಿಳಿದಾಗ ನಾನು ಒಪ್ಪಿದ್ದು ಆ ಭಾನುವಾರಗಳ ಆಸೆಗೆ. ಸೋಮವಾರಗಳ ವಿಷಯ ಯಾರೂ ಹೇಳಿರಲಿಲ್ಲ.

ಸೋಮವಾರ ಎಲ್ಲರೂ ಮೈದಾನದ ಪಕ್ಕದ ಪಾಳುಬಿದ್ದ ಕಲ್ಲು ಕ್ವಾರಿಯಲ್ಲಿ ಸೇರಬೇಕು. ಅದು ಕಾಯಿದೆ. ಶಾಲೆ, ಆಸ್ಪತ್ರೆ, ಕೋರ್ಟು, ಸಾವಿನ ಮನೆ, ಇಂಥ ಕಡೆ ಸದ್ದು ಬಿದ್ದರೆ ಲೈಸೆನ್ಸ್ ರದ್ದು. ಆದ್ದರಿಂದ ಒಬ್ಬೊಬ್ಬರೂ ತಮ್ಮ ತಮ್ಮ ಕಲ್ಲಿನ ಮೇಲೆ ಕೂತು, ಟಿಫಿನ್ ಕ್ಯಾರಿಯರ್ ಬಿಚ್ಚಿ, ತಮ್ಮ ನಿನ್ನೆಯ ಸದ್ದುಗಳು ಮುಗಿಯುವವರೆಗೆ ಕಾಯುತ್ತಾರೆ. ನಾನು ಅವರ ಹೆಸರಿನ ಮುಂದೆ ಗೆರೆ ಎಳೆಯುತ್ತಾ ಹೋಗುತ್ತೇನೆ. ಭಾನುವಾರ ಕಟ್ಟಿದ ಬಾಯಿಯೆಲ್ಲ ಸೋಮವಾರ ಬಿಚ್ಚುತ್ತದೆ.

"ಮೂರು ವರ್ಷಕ್ಕೊಂದ್ಸಲ ರಿನ್ಯೂವಲ್ ಅಂತೆ, ಪ್ರತಿ ಸಲ ಫೋಟೋ ಬೇರೆ ಬೇಕಂತೆ," ಎನ್ನುವರು ಸೋಡಾ ಫ್ಯಾಕ್ಟರಿ ಮಾಧವಯ್ಯ. "ನನ್ನ ಮುಖ ಬದಲಾದ್ರೆ ಗುರಿ ಬದಲಾಗುತ್ತೇನ್ರೀ?"

ಢಂ.

"ನಿಮ್ಮ ಗುರಿ ಬದಲಾಗಲಿ ಅಂತಲೇ ನಾವೆಲ್ಲ ಹರಕೆ ಹೊತ್ತಿದೀವಿ," ಎನ್ನುವರು ಹಲ್ಲಿನ ಡಾಕ್ಟರ್ ಪಿಂಟೋ. "ಹೋದ ವಾರ ನನ್ನ ಕಾಗದಕ್ಕೆ ಎರಡು ಹೊಡೆದ್ರಿ."

"ನಿಮ್ಮ ಕಾಗದ ಖಾಲಿ ಇತ್ತು, ಪಾಪ ಅಂತ ಹೊಡೆದೆ."

ಢಂ. ಢಂ.

ಚುನಾವಣೆ ಬಂದಾಗ ಬಂದೂಕುಗಳನ್ನು ಠಾಣೆಗೆ ಒಪ್ಪಿಸಬೇಕು ಎಂಬುದರ ಮೇಲೆ ಮಾಧವಯ್ಯನವರಿಗೆ ವಿಶೇಷ ಸಿಟ್ಟು. ಒಮ್ಮೆ ಹಿಂದಿನ ದಿನ ಐವತ್ತು ತೋಟಾ ಹಾರಿಸಿ ಬಂದೂಕು ಒಪ್ಪಿಸಿದ್ದರಂತೆ. ಮಾರನೆಯ ದಿನ ಮತಗಟ್ಟೆಯ ಸಾಲಿನಲ್ಲಿ ನಿಂತಾಗ ಎದೆಯ ಮೇಲೆ ಒಂದೊಂದೇ ಶುರುವಾಯಿತು. ಸಾಲು ಚದುರಿ, ಕೊನೆಗೆ ಅವರೊಬ್ಬರೇ ಉಳಿದು, ಬೇಗ ವೋಟು ಹಾಕಿ ಬಂದರು. ಡಾಕ್ಟರ್ ಪಿಂಟೋ ಅವರ ದೂರು ಬೇರೆ. ಸದ್ದು ಬಾಕಿ ಇರುವವರು ಆ ಹೊತ್ತಿಗೆ ಇನ್ನೊಬ್ಬರ ಬಾಯಲ್ಲಿ ಕೈ ಇಡಬಾರದು ಎಂದು ಅವರೊಬ್ಬರಿಗಾಗಿಯೇ ಕಾಯಿದೆಗೆ ಒಂದು ಉಪನಿಯಮ ಸೇರಿಸಲಾಗಿತ್ತು. ಯಾಕೆಂದು ಅವರು ಹೇಳುತ್ತಿರಲಿಲ್ಲ. ಊರಿಗೆಲ್ಲ ಗೊತ್ತಿತ್ತು.

ಇವರ ನಡುವೆ ನಗಿಸುವವರು ಸರ್ವೇಯರ್ ಹಾಲಪ್ಪನವರು. ಮೂವತ್ತೊಂದು ವರ್ಷದಿಂದ ಅವರ ಕಲ್ಲು ಕ್ವಾರಿಯ ನಡುಮಧ್ಯದ ಚಪ್ಪಟೆ ಬಂಡೆ. ಅವರದು ಒಂದೇ ಕಥೆ. ಅವರು ಮೊದಲು ಲೈಸೆನ್ಸಿಗೆ ಅರ್ಜಿ ಹಾಕಿದಾಗ, ನಡತೆ ವಿಚಾರಿಸಲು ಮನೆಗೆ ಪೇದೆ ಬಂದನಂತೆ. ಬಾಗಿಲು ತೆಗೆದದ್ದು ಮದುವೆಯಾಗಿ ಮೂರು ತಿಂಗಳಾಗಿದ್ದ ಹೆಂಡತಿ. "ನಿಮ್ಮ ಯಜಮಾನರು ಒಳ್ಳೆಯವರಾ?" ಎಂದು ಪೇದೆ ಕೇಳಿದ. ಆಕೆ ಯೋಚನೆ ಮಾಡಿ, "ಇನ್ನೂ ಗೊತ್ತಾಗಿಲ್ಲ, ಒಂದು ವರ್ಷ ಬಿಟ್ಟು ಬನ್ನಿ" ಎಂದರಂತೆ. ಪೇದೆ ಹಾಗೇ ಬರೆದುಕೊಂಡು ಹೋದ. ಲೈಸೆನ್ಸು ಒಂದು ವರ್ಷ ತಡವಾಯಿತು. ಇದನ್ನು ಹಾಲಪ್ಪನವರು ಪ್ರತಿ ಸೋಮವಾರ ಹೇಳುತ್ತಿದ್ದರು. ಎಲ್ಲರೂ ಪ್ರತಿ ಸೋಮವಾರ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನು ಆರಂಭದಲ್ಲಿ ನಗಲಿಲ್ಲ. ಎರಡನೆಯ ವರ್ಷದಿಂದ ನಗತೊಡಗಿದೆ.

ಹಾಲಪ್ಪನವರು ಒಂದು ಬುಧವಾರ ತೀರಿಕೊಂಡರು. ಸದ್ದು ಯಾವುದೂ ಬಾಕಿ ಇರಲಿಲ್ಲ.

ಐದು ತಿಂಗಳ ಮೇಲೆ ಅವರ ಹೆಂಡತಿ ಗಂಗಾಂಬಿಕೆ ಟೀಚರ್ ನನ್ನನ್ನು ಮನೆಗೆ ಕರೆಸಿದರು. ಆಕೆ ನಮ್ಮ ಶಾಲೆಯ ಡ್ರಿಲ್ ಟೀಚರ್ ಆಗಿದ್ದವರು. ನಿವೃತ್ತಿಯಾಗಿ ಎಂಟು ವರ್ಷವಾದರೂ ಎಣಿಸದೆ ಕೈಕಾಲು ಆಡಿಸಲು ಅವರಿಗೆ ಬರುವುದಿಲ್ಲ. "ಏಕ್, ದೋ, ತೀನ್" ಎಂದು ಎಣಿಸುತ್ತಾ ಎದ್ದು, ಎಣಿಸುತ್ತಾ ಬಂದು, ಹಜಾರದ ಮೇಜಿನ ಮೇಲೆ ಗಂಡನ ರೈಫಲ್ ಇಟ್ಟರು.

"ಚಿದಂಬರ, ಇದು ನನ್ನ ಹೆಸರಿಗಾಗಬೇಕು. ಏನು ಮಾಡಬೇಕು ಹೇಳು."

ಲೈಸೆನ್ಸುದಾರ ಸತ್ತ ಆರು ತಿಂಗಳೊಳಗೆ ವಾರಸುದಾರರು ಸದ್ದಿನ ಪರೀಕ್ಷೆಯಲ್ಲಿ ಪಾಸಾಗಬೇಕು, ಇಲ್ಲದಿದ್ದರೆ ಬಂದೂಕು ಸರ್ಕಾರಿ ಉಗ್ರಾಣಕ್ಕೆ ಹೋಗುತ್ತದೆ ಎಂದು ವಿವರಿಸಿದೆ. ಉಗ್ರಾಣಕ್ಕೆ ಹೋದದ್ದು ಈವರೆಗೆ ಹಿಂದಕ್ಕೆ ಬಂದಿಲ್ಲ. ಪರೀಕ್ಷೆ ಸುಲಭ. ಅಧಿಕಾರಿಯ ಎದುರು ಒಂದು ಗುಂಡು ಹಾರಿಸಬೇಕು, ಮಾರನೆಯ ದಿನ ಸದ್ದು ಬರುವಾಗ ಅಧಿಕಾರಿ ಪಕ್ಕದಲ್ಲಿರಬೇಕು. ನಮ್ಮ ಕಾಯಿದೆಯ ಮೊದಲ ಸಾಲೇ ಅದು: ಸದ್ದು ಯಾರದೋ, ಬಂದೂಕು ಅವರದು.

"ನಿಮಗ್ಯಾಕೆ ಟೀಚರ್ ಇದು?" ಎಂದೆ. "ಮ್ಯಾಚಿಗೆ ಹೋಗ್ತೀರಾ?"

"ಮ್ಯಾಚಿಲ್ಲ, ಗೀಚಿಲ್ಲ," ಎಂದರು. "ಮೂವತ್ತೊಂದು ವರ್ಷ ಸೋಮವಾರ ಸೋಮವಾರ ಬುತ್ತಿ ಕಟ್ಟಿ ಕಳಿಸಿದೀನಿ. ಮಧ್ಯಾಹ್ನ ಬರೋರು, ಕಣ್ಣಲ್ಲಿ ನೀರು ಬರೋ ಹಾಗೆ ನಗ್ತಾ ಬರೋರು. ಏನು ಅಷ್ಟು ನಗು ಅಂದ್ರೆ, ಏನಿಲ್ಲ ಬಿಡೇ, ಲೈಸೆನ್ಸ್ ಮಾತು ಅನ್ನೋರು. ಅಲ್ಲಿ ಸ್ವಂತ ಸದ್ದಿಲ್ಲದೋರನ್ನ ಕೂರಿಸೋದಿಲ್ಲ ಅಂತೀರಲ್ಲ, ನಾನೂ ಒಂದು ಸದ್ದು ಮಾಡ್ಕೊಂಡು ಬಂದು ಆ ಬಂಡೆ ಮೇಲೆ ಕೂರ್ತೀನಿ. ಲೈಸೆನ್ಸ್ ಮಾತಲ್ಲಿ ಅಷ್ಟು ನಗೋದೇನಿದೆ ನೋಡೇಬಿಡ್ತೀನಿ."

ನಾನು ಅಲ್ಲಿಯೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಸತ್ತವರ ನಗುವನ್ನು ಮೂರನೆಯವನೊಬ್ಬ ಎರಡು ವಾಕ್ಯದಲ್ಲಿ ತಂದೊಪ್ಪಿಸುವುದು ಸರಿಯೇ ಎಂದು ಯೋಚಿಸುತ್ತಾ ಕೂತೆ. ನನ್ನ ಯೋಚನೆಗಳು ಸಾಮಾನ್ಯವಾಗಿ ಹೇಳುವ ಹೊತ್ತು ದಾಟಿದ ಮೇಲೆ ಮುಗಿಯುತ್ತವೆ.

ಲೈಸೆನ್ಸ್ ಇಲ್ಲದವರಿಗೆ ತೋಟಾ ಕೊಡುವಂತಿಲ್ಲ. ಆದ್ದರಿಂದ ಒಂದು ತಿಂಗಳು ಅವರು ಹಜಾರದಲ್ಲಿ ಚಾಪೆ ಹಾಸಿ, ಖಾಲಿ ರೈಫಲ್ ಹಿಡಿದು, ಗೋಡೆಯ ಕ್ಯಾಲೆಂಡರಿನ ಹುಣ್ಣಿಮೆಗೆ ಗುರಿಯಿಟ್ಟು ಅಭ್ಯಾಸ ಮಾಡಿದರು. "ಏಕ್" ಎಂದರೆ ಭುಜಕ್ಕೆ, "ದೋ" ಎಂದರೆ ಗುರಿಗೆ, "ತೀನ್" ಎಂದರೆ ಟ್ರಿಗರ್. ಟಿಕ್. ಮಾಧವಯ್ಯ ಬಂದು ನೋಡಿ, "ಇವರ ಹತ್ತಿರ ನಾನು ಕಲೀಬೇಕು" ಎಂದರು. ಡಾಕ್ಟರ್ ಪಿಂಟೋ, "ಅದನ್ನೇ ನಾವು ಇಪ್ಪತ್ತು ವರ್ಷದಿಂದ ಹೇಳ್ತಿರೋದು, ಯಾರ ಹತ್ತಿರವಾದ್ರೂ ಕಲೀರಿ ಅಂತ" ಎಂದರು.

ಪರೀಕ್ಷೆಗೆ ಬಂದವರು ಹೊಸದಾಗಿ ವರ್ಗವಾಗಿ ಬಂದಿದ್ದ ಶಿರಸ್ತೇದಾರ್ ಗುರುಲಿಂಗಯ್ಯ. ಬೇರೆ ಊರಿನವರು, ಬಂದೂಕೆಂದರೆ ಬೆವರುವವರು. ಆರು ತಿಂಗಳ ಗಡುವು ಮುಗಿಯಲು ಮೂರೇ ದಿನ ಇದ್ದ ಆ ಭಾನುವಾರ, ಟೀಚರ್ ಹುಲ್ಲಿನ ಮೇಲೆ ಮಲಗಿದ ಕೂಡಲೇ ಅವರು ಎರಡೂ ಕಿವಿಗೆ ಬೆರಳಿಟ್ಟುಕೊಂಡರು.

"ಸ್ವಾಮಿ, ಸದ್ದು ಬರೋದು ನಾಳೆ," ಎಂದರು ಮಾಧವಯ್ಯ.

"ಗೊತ್ತು. ನನ್ನ ಕಿವಿಗೆ ಗೊತ್ತಿಲ್ಲ," ಎಂದರು ಶಿರಸ್ತೇದಾರರು.

ಉಳಿದವರು ಚಹಾ ಕುಡಿಯುತ್ತಾ ಇದನ್ನೇ ಹಾಸ್ಯ ಮಾಡುತ್ತಿದ್ದರು. ನಾನು ಫಾರಂ ಹಿಡಿದು ಟೀಚರ್ ಹಿಂದೆ ನಿಂತಿದ್ದೆ. ಅವರು ಗಟ್ಟಿಯಾಗಿ ಎಣಿಸಿದರು. ಕಾಗದದ ಮೇಲಂಚಿನಲ್ಲಿ ತೂತು ಬಿತ್ತು. ಹತ್ತು ನಲವತ್ತು ಎಂದು ಬರೆದುಕೊಂಡೆ.

ಸೋಮವಾರ ಹತ್ತೂವರೆಗೆ ಕ್ವಾರಿ ತುಂಬಿತ್ತು. ಟೀಚರ್ ಇಳಕಲ್ ಸೀರೆ ಉಟ್ಟು, ಚಿತ್ರಾನ್ನದ ಡಬ್ಬಿಯೊಂದಿಗೆ ಗಂಡನ ಬಂಡೆಯ ಮೇಲೆ ಕೂತಿದ್ದರು. ಪಾಸಾಗುವವರೆಗೆ ಹರಟೆ ಇಲ್ಲವೆಂದು ಶಿರಸ್ತೇದಾರರು ಎಲ್ಲರ ಬಾಯಿ ಮುಚ್ಚಿಸಿದ್ದರು. ಸಮಯ ನೋಡಲು ನಾನು ಬೇಕೆಂದು ಟೀಚರ್ ನನ್ನನ್ನು ಪಕ್ಕದಲ್ಲೇ, ಅದೇ ಬಂಡೆಯ ಮೇಲೆ ಕೂರಿಸಿಕೊಂಡರು. ಹತ್ತು ನಲವತ್ತಕ್ಕೆ ಢಂ ಎಂದಿತು. ಕ್ವಾರಿಯ ಪಾರಿವಾಳಗಳು ಎದ್ದವು. ಶಿರಸ್ತೇದಾರರ ಪೆನ್ನು ಕೆಳಗೆ ಬಿತ್ತು. "ಪಾಸ್! ಪಾಸ್!" ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು.

ಚಪ್ಪಾಳೆ ತಟ್ಟದವರು ಇಬ್ಬರು. ಸದ್ದು ಬಂದವರಿಗೆ ಅದು ತಮ್ಮದೆಂದು ಗೊತ್ತಾಗುತ್ತದೆ. ಎದೆಯ ಗುಂಡಿ ಅದುರುತ್ತದೆ, ನಾಲಿಗೆಯ ಮೇಲೆ ಮದ್ದಿನ ಕಹಿ ಬರುತ್ತದೆ ಎಂದು ಎಲ್ಲರೂ ಹೇಳುವುದನ್ನು ಕೇಳಿದ್ದೆ. ಈಗ ನನ್ನ ಅಂಗಿಯ ಎರಡನೆಯ ಗುಂಡಿ ಅದುರುತ್ತಿತ್ತು. ಬಾಯಿ ಕಹಿಯಾಗಿತ್ತು. ಜನ್ಮದಲ್ಲಿ ಒಂದು ಪಟಾಕಿಯನ್ನೂ ಹೊಡೆಯದ ನಾನು ಸದ್ದು ಮಾಡಿದ್ದೆ.

ಸುಮ್ಮನಿದ್ದರೆ ಮುಗಿಯುತ್ತಿತ್ತು. ಶಿರಸ್ತೇದಾರರು ಪೆನ್ನು ಹುಡುಕಿಕೊಂಡು ರುಜು ಹಾಕಲು ಬಗ್ಗಿದ್ದರು. ಸುಮ್ಮನಿರುವುದು ನನಗೆ ಬರುವ ಒಂದೇ ವಿದ್ಯೆ. ಟೀಚರ್ ನನ್ನ ಮುಖವನ್ನೇ ನೋಡುತ್ತಿದ್ದರು. ಏಳನೆಯ ತರಗತಿಯಲ್ಲಿ ಕವಾಯತಿನಲ್ಲಿ ಕಾಲು ತಪ್ಪಿದವನನ್ನು ನೋಡುತ್ತಿದ್ದ ನೋಟ.

"ನಿಂದಾ?" ಎಂದರು, ಸಣ್ಣಗೆ.

ನಾನು ತಲೆ ಆಡಿಸಿದೆ.

ಅವರು ಎದ್ದು ನಿಂತರು. "ಸ್ವಲ್ಪ ತಡೀರಿ ಸಾರ್. ಆ ಸದ್ದು ನಂದಲ್ಲ. ಈ ಹುಡುಗಂದು."

ಶಿರಸ್ತೇದಾರರು ಅರ್ಧ ರುಜುವಿನಲ್ಲಿ ನಿಂತರು. "ಅಮ್ಮಾ, ಬಂತಲ್ಲ. ಯಾರದಾದ್ರೇನು? ನಾನು ಬರ್ಕೊಂಡಾಯ್ತು."

"ನಲವತ್ತು ವರ್ಷ ಮಕ್ಕಳಿಗೆ ಪಕ್ಕದವನ ಪುಸ್ತಕ ನೋಡಿ ಬರೀಬೇಡಿ ಅಂದಿದೀನಿ. ಕಾಪಿ ಹೊಡೆದು ಪಾಸಾಗಿ ಅವರ ಬಂಡೆ ಮೇಲೆ ಕೂರಲೇ?"

ಕ್ವಾರಿಯಲ್ಲಿ ಗದ್ದಲವೆದ್ದಿತು. ಶಿರಸ್ತೇದಾರರು ಕಾಯಿದೆ ಪುಸ್ತಕ ತೆಗೆದು, ಮೊದಲ ಸಾಲಿನ ಮೇಲೆ ಬೆರಳಿಟ್ಟು, ನಿಟ್ಟುಸಿರು ಬಿಟ್ಟು ನನ್ನ ಕಡೆ ತಿರುಗಿದರು. "ಹಾಗಾದ್ರೆ ಬಂದೂಕು ಇವನದು. ತಂದೆ ಹೆಸರು?"

"ಸಾರ್, ನಂಗೆ ಬೇಡ."

"ಬೇಕೋ ಬೇಡವೋ ಅಂತ ಫಾರಂನಲ್ಲಿ ಕಲಮೇ ಇಲ್ಲ. ತಂದೆ ಹೆಸರು?"

"ಇದೊಳ್ಳೆ ಕಥೆ," ಎಂದರು ಮಾಧವಯ್ಯ. "ನಾವು ಕಾಲು ಹಿಡಿದ್ರೂ ಮೂರು ವರ್ಷ ತಿರುಗಿಸ್ತೀರಿ, ಬೇಡ ಅನ್ನೋನಿಗೆ ನಿಂತ ಕಾಲಲ್ಲಿ ಕೊಡ್ತೀರಿ!"

"ಅವನಿಗೆ ನಡತೆ ಸರ್ಟಿಫಿಕೇಟು ಸಲೀಸು ಬಿಡಿ," ಎಂದರು ಡಾಕ್ಟರ್ ಪಿಂಟೋ. "ಬಾಯೇ ತೆಗೆಯೋದಿಲ್ಲ, ಕೆಟ್ಟೋನು ಅಂತ ಹೇಗೆ ಗೊತ್ತಾಗಬೇಕು?" ಆಮೇಲೆ ಅವರು ನನ್ನ ಹತ್ತಿರ ಬಂದು, ರೋಗಿಯನ್ನು ನೋಡುವಂತೆ ನೋಡಿ ಕೇಳಿದರು. "ನಿನ್ನೆ ಟೀಚರ್ ಹೊಡೆಯುವಾಗ ಏನು ಮಾಡ್ತಿದ್ದೆ?"

"ಏನೂ ಇಲ್ಲ ಡಾಕ್ಟ್ರೇ. ಹಿಂದೆ ನಿಂತಿದ್ದೆ."

"ಹೇಗೆ? ನಿಂತು ತೋರಿಸು."

ನಾನು ನಿಂತು ತೋರಿಸಿದೆ. ಟೀಚರ್‌ಗೆ ಗುರಿ ಸಿಕ್ಕಲಿ, ಅವರಿಗೆ ಈ ಬಂಡೆ ಸಿಕ್ಕಲಿ ಎಂದುಕೊಳ್ಳುತ್ತಾ ನಿಂತಿದ್ದದ್ದು ನೆನಪಾಯಿತು. ಡಾಕ್ಟರು ನನ್ನ ಮೂಗಿನ ಕೆಳಗೆ ಬೆರಳಿಟ್ಟರು.

"ನೋಡಿ, ನೋಡಿ! ಉಸಿರಾಡ್ತಾ ಇಲ್ಲ ಇವನು! ಟೀಚರ್, ನೀವು ಹೊಡೆಯುವಾಗ?"

"ಎಣಿಸ್ತಿದ್ದೆ."

"ಎಣಿಸ್ತಾ ಉಸಿರು ಕಟ್ಟೋಕಾಗುತ್ತಾ? ನಾವೆಲ್ಲ ಕಟ್ಟಿಕೊಂಡು ಹೊಡೀತೀವಿ. ನಮ್ಮ ಸದ್ದು ನಮಗೇ ಬರುತ್ತೆ. ಇಲ್ಲಿ ಕಟ್ಟಿದ್ದು ಇವನೊಬ್ಬನೇ."

ಇಷ್ಟು ವರ್ಷ ಸದ್ದು ಬೆರಳಿನದು ಎಂದೇ ಎಲ್ಲರೂ ನಂಬಿದ್ದರು. ಯಾರೂ ಉಸಿರಿನ ಕಡೆ ನೋಡಿರಲಿಲ್ಲ. ಕೊನೆಗೆ ಮಾಧವಯ್ಯ, "ಹಾಗಾದ್ರೆ ನಮ್ಮ ಪಿಂಟೋ ಪಕ್ಕದಲ್ಲಿ ಮಲಗಿ ಉಸಿರು ಕಟ್ಟಿದ್ರೆ ನನ್ನ ಸದ್ದನ್ನೆಲ್ಲ ಹೊತ್ತುಕೊಂಡು ಹೋಗಬಹುದಾ? ಸೋಮವಾರ ಫ್ಯಾಕ್ಟರಿಗೆ ಹೋಗಬಹುದಿತ್ತಲ್ರೀ ಇಷ್ಟು ವರ್ಷ!" ಎಂದರು.

ಪರೀಕ್ಷೆ ಕೆಟ್ಟರೆ ಅದೇ ದಿನ ಸೂರ್ಯ ಮುಳುಗುವುದರೊಳಗೆ ಇನ್ನೊಂದು ಅವಕಾಶ ಇದೆ ಎಂದು ಪುಸ್ತಕದ ಹಿಂಬದಿಯಲ್ಲಿ ಸಿಕ್ಕಿತು. ಒಂದೇ ಒಂದು. ಅದೂ ತಪ್ಪಿದರೆ ಬುಧವಾರ ಬೆಳಿಗ್ಗೆ ರೈಫಲ್ ಉಗ್ರಾಣಕ್ಕೆ. ಎಲ್ಲರೂ ಮೈದಾನಕ್ಕೆ ನಡೆದೆವು. ಟೀಚರ್ ಎಣಿಸಬಾರದು, ಉಸಿರು ಕಟ್ಟಬೇಕು. ಉಳಿದವರಲ್ಲಿ ಒಬ್ಬರೂ ಅಪ್ಪಿತಪ್ಪಿ ಉಸಿರು ಕಟ್ಟಬಾರದು. ಅದಕ್ಕೆ ಒಂದೇ ಉಪಾಯ, ಎಲ್ಲರೂ ಬಿಡದೆ ಮಾತಾಡುತ್ತಿರಬೇಕು.

ಟೀಚರ್ ಮಲಗಿದರು. "ಏಕ್" ಎಂದರು.

"ಟೀಚರ್!" ಎಂದು ಎಲ್ಲರೂ ಕೂಗಿದರು.

"ಬಂದುಬಿಡುತ್ತೆ ಕಣ್ರೀ, ಏನು ಮಾಡ್ಲಿ!" ಎಂದರು. ಅವರ ದನಿಯಲ್ಲಿ ನಾನು ಹಿಂದೆಂದೂ ಕೇಳದ ಅಳುಕಿತ್ತು. ಮತ್ತೆ ಪ್ರಯತ್ನಿಸಿದರು. ತುಟಿ ತಾನಾಗಿಯೇ ಎಣಿಸಿತು. ಮೂರನೆಯ ಸಲ ಬಾಯಿಗೆ ಸೆರಗು ಕಚ್ಚಿದರು. ಸೆರಗಿನೊಳಗಿಂದಲೇ ದೋ ಬಂತು.

ಹಿಂದೆ ಮಾಧವಯ್ಯ ಸೋಡಾದ ಬಗೆಗಳನ್ನು ಒದರುತ್ತಿದ್ದರು: ನಿಂಬೆ, ಶುಂಠಿ, ಜೀರಿಗೆ, ಪನ್ನೀರು. ಡಾಕ್ಟರು ಕೋರೆಹಲ್ಲು, ದವಡೆಹಲ್ಲು ಎಂದು ಮೇಲಿನ ಸಾಲಿನಿಂದ ಶುರುಮಾಡಿದ್ದರು. ಶಿರಸ್ತೇದಾರರು ಕಿವಿಗೆ ಬೆರಳಿಟ್ಟುಕೊಂಡು ಕಾಯಿದೆಯನ್ನೇ ಪಠಿಸುತ್ತಿದ್ದರು. ನನಗೆ ಒಂದು ಪದವೂ ಬರಲಿಲ್ಲ.

"ಚಿದಂಬರ," ಎಂದರು ಟೀಚರ್, ಹಿಂತಿರುಗಿ ನೋಡದೆ. "ನಿನ್ನ ದನಿ ಕೇಳ್ತಿಲ್ಲ. ಈ ಸಲಾನೂ ನನ್ನ ಸದ್ದು ಕದೀಬೇಡ."

ಆಗ ನನ್ನ ಬಾಯಿಗೆ ಬಂದದ್ದು ಒಂದೇ. ಎಷ್ಟೋ ಸೋಮವಾರ ಕೇಳಿ ಬಾಯಿಪಾಠವಾದ ಒಂದೇ ಕಥೆ.

"ಹಾಲಪ್ಪನವರು ಮೊದಲು ಲೈಸೆನ್ಸಿಗೆ ಅರ್ಜಿ ಹಾಕಿದಾಗ," ಎಂದೆ, "ನಡತೆ ವಿಚಾರಿಸೋಕೆ ಮನೆಗೆ ಪೇದೆ ಬಂದನಂತೆ."

ರೈಫಲ್ಲಿನ ಮೇಲೆ ಟೀಚರ್ ಅವರ ಕೆನ್ನೆ ಅಲುಗಲಿಲ್ಲ. ಕಿವಿ ಮಾತ್ರ ಸ್ವಲ್ಪ ನಿಮಿರಿದಂತೆ ಕಂಡಿತು.

"ಮದುವೆಯಾಗಿ ಮೂರು ತಿಂಗಳಾಗಿತ್ತಂತೆ. ಬಾಗಿಲು ತೆಗೆದದ್ದು ನೀವಂತೆ. ಇದನ್ನ ಅವರು ಪ್ರತಿ ಸೋಮವಾರ ಹೇಳೋರು ಟೀಚರ್. ಪ್ರತಿ ಸೋಮವಾರ ಇದಕ್ಕೇ ನಗೋರು. ಆ ಪೇದೆ ನಿಮ್ಮನ್ನ ಕೇಳಿದನಂತೆ, ನಿಮ್ಮ ಯಜಮಾನರು ಒಳ್ಳೆಯವರಾ ಅಂತ. ನೀವು ಸ್ವಲ್ಪ ಹೊತ್ತು ಯೋಚನೆ ಮಾಡಿದ್ರಂತೆ. ಆಮೇಲೆ ನೀವು ಅವನಿಗೆ ಏನಂದ್ರಿ ಅಂದ್ರೆ…"

ಅವರು ಎಣಿಸುತ್ತಿರಲಿಲ್ಲ. ಅವರ ಬೆನ್ನು ಏರಿಳಿಯುವುದು ನಿಂತಿತ್ತು. ಐವತ್ತು ಮೀಟರ್ ಆಚೆ, ಕಾಗದದ ನಟ್ಟನಡುವೆ ತೂತು ಬಿತ್ತು.

"ಹನ್ನೊಂದು ಐವತ್ತೆರಡು!" ಎಂದು ಶಿರಸ್ತೇದಾರರು ಕೂಗಿದರು. ಎಲ್ಲರೂ ನುಗ್ಗಿ ಬಂದು ಕಾಗದ ನೋಡಿದರು, ಟೀಚರನ್ನು ಎಬ್ಬಿಸಿದರು, ಸದ್ದು ನಿಮ್ಮದೇ ಟೀಚರ್, ಇಲ್ಲ ಇವನದು, ಇಲ್ಲ ಶಿರಸ್ತೇದಾರರದು ಎಂದು ಬಾಜಿ ಕಟ್ಟಿದರು. ಆ ಗಲಾಟೆಯಲ್ಲಿ ಟೀಚರ್ ನನ್ನ ಕಡೆ ಒಂದು ಸಲ ನೋಡಿದ್ದು ಬಿಟ್ಟರೆ ಮಾತಾಡಲು ಆಗಲಿಲ್ಲ.

ಮಂಗಳವಾರ ಎಲ್ಲರಿಗೂ ಅವರವರ ಕೆಲಸ. ಕ್ವಾರಿಗೆ ಬಂದವರು ಮೂವರೇ. ಈ ಸಲ ಶಿರಸ್ತೇದಾರರು ಟೀಚರನ್ನು ಬಂಡೆಯ ಮೇಲೆ ಒಬ್ಬರನ್ನೇ ಕೂರಿಸಿ, ನನ್ನನ್ನು ಇಪ್ಪತ್ತು ಹೆಜ್ಜೆ ಆಚೆ ನಿಲ್ಲಿಸಿ, ತಾವು ನಡುವೆ ನಿಂತರು. ಹನ್ನೊಂದು ಐವತ್ತಾಯಿತು. ನಾನು ಬೇಕೆಂದೇ ಗಟ್ಟಿಯಾಗಿ ಉಸಿರಾಡುತ್ತಿದ್ದೆ, ಇವತ್ತಿನ ಉಸಿರಿಗೂ ನಿನ್ನೆಯ ಸದ್ದಿಗೂ ಸಂಬಂಧವಿಲ್ಲವೆಂದು ತಿಳಿದೂ. ಒಂದು ಪಾರಿವಾಳ ಬಂದು ಮಾಧವಯ್ಯನವರ ಕಲ್ಲಿನ ಮೇಲೆ ಕೂತಿತು. ಅಂಥ ಮೌನ ನನಗೆ ಬಹಳ ಇಷ್ಟವಾದದ್ದು. ಆ ಹೊತ್ತು ಮಾತ್ರ ಅದು ಮುರಿಯಲಿ ಎಂದು ಬೇಡಿಕೊಂಡೆ.

"ಚಿದಂಬರ," ಎಂದು ಟೀಚರ್ ಇಪ್ಪತ್ತು ಹೆಜ್ಜೆ ಆಚೆಯಿಂದ ಕೂಗಿದರು. "ನಿನ್ನೆ ಅರ್ಧಕ್ಕೇ ನಿಲ್ಲಿಸಿದೆ. ನಾನು ಪೇದೆಗೆ ಏನಂದೆ ಅಂತ ಹೇಳ್ತಿದ್ರು ಅವರು?"

"ಅಮ್ಮಾ, ಈಗ ಮಾತಾಡಬೇಡಿ, ಟೈಮಾಯ್ತು…" ಎಂದರು ಶಿರಸ್ತೇದಾರರು.

ಢಂ.

ಟೀಚರ್ ಅವರ ಸೆರಗು ಹಾರಿತು. ಮಡಿಲಿನ ಚಿತ್ರಾನ್ನದ ಡಬ್ಬಿಯ ಮುಚ್ಚಳ ಹಾರಿ ಬಂಡೆಯಿಂದ ಬಂಡೆಗೆ ಉರುಳುತ್ತಾ ಹೋಯಿತು. ಶಿರಸ್ತೇದಾರರು ಕುಕ್ಕುರುಗಾಲಲ್ಲಿ ಕೂತಿದ್ದರು, ನಿಜವಾಗಿ ಸದ್ದು ಬರುವ ಹೊತ್ತಿಗೆ ಕಿವಿಗೆ ಬೆರಳಿಡಲು ಈ ಸಲವೂ ಮರೆತಿದ್ದರು. ನನ್ನ ಗುಂಡಿಗಳು ಅದುರಲಿಲ್ಲ. ಕ್ವಾರಿಯ ಗೋಡೆಗಳು ಆ ಸದ್ದನ್ನು ನಾಲ್ಕು ಸಲ ಒಂದಕ್ಕೊಂದು ಕೊಟ್ಟು ಇಳಿಸಿದವು.

ಟೀಚರ್ ನಾಲಿಗೆಯಿಂದ ತುಟಿ ಸವರಿಕೊಂಡು ಮುಖ ಸಿಂಡರಿಸಿದರು. "ಕಹಿ," ಎಂದರು. "ಅದಿರಲಿ. ನಾನೇನಂದೆ ಅಂತ ಹೇಳ್ತಿದ್ರು?"

ನಾನು ಹತ್ತಿರ ಹೋದೆ. ಹಾಲಪ್ಪನವರು ಹೇಳುತ್ತಿದ್ದ ಹಾಗೆಯೇ, ಕೊನೆಯ ಮಾತಿಗೆ ಮುಂಚೆ ಒಂದು ಚಣ ನಿಲ್ಲಿಸಿ ಹೇಳಿದೆ. "ಇನ್ನೂ ಗೊತ್ತಾಗಿಲ್ಲ, ಒಂದು ವರ್ಷ ಬಿಟ್ಟು ಬನ್ನಿ, ಅಂದ್ರಂತೆ."

ಟೀಚರ್ ನನ್ನನ್ನು ನೋಡಿದರು, ಖಾಲಿ ಕಲ್ಲುಗಳನ್ನು ನೋಡಿದರು, ತಾವು ಕೂತಿದ್ದ ಬಂಡೆಯನ್ನು ಒಮ್ಮೆ ಅಂಗೈಯಿಂದ ತಟ್ಟಿದರು. ಅವರ ಭುಜಗಳು ಅಲುಗತೊಡಗಿದವು. ನಗುತ್ತಾ ನಗುತ್ತಾ ಕಣ್ಣು ಒರೆಸಿಕೊಂಡರು.

"ಸುಳ್ಳು!" ಎಂದರು. "ಒಂದು ವರ್ಷ ಅಲ್ಲ. ಎರಡು ವರ್ಷ ಬಿಟ್ಟು ಬನ್ನಿ ಅಂದಿದ್ದೆ."